ಅಂಗುಳಿನಲ್ಲಿ ಬಾವು, ತಪ್ಪು ಯಾರದ್ದು?

ಕಳೆದ ಮಳೆಗಾಲದಲ್ಲಿ ನಮ್ಮ ಅಂಗುಳಿನ ಬಲಬದಿಯಲ್ಲಿ ಒಂದು ನೋವು ಶುರುವಾಯಿತು. ನಾಲಗೆಯಲ್ಲಿ ಮುಟ್ಟಿದರೆ ಅಡಿಕೆ ಹೋಳಿನಷ್ಟು ಊತ. ಮದ್ರಸದಲ್ಲಿ ಮಕ್ಕಳಿಗೆ ಜೀಮ್, ಶೀನ್ ಹೇಳಿಕೊಡುವಾಗ ನಾಲಗೆ ಅಂಗುಳಿನತ್ತ ಏಳಲೇಬೇಕಲ್ಲ, ಎದ್ದಾಗಲೆಲ್ಲ ಜೀವ ಹೋದ ಹಾಗೆ.

ಮನೆಯಲ್ಲಿ ಉಮ್ಮ ಬಂಗುಡೆಯ ಮುಳ್ಳು ಚುಚ್ಚಿದ್ದು ಅಂದರು. ನೆರೆಯವರು ಉಷ್ಣ ಅಂದರು, ಮಜ್ಜಿಗೆ ಕುಡಿಸಿದರು. ನಾವು ಮದ್ದಿನಂಗಡಿಯಿಂದ ಮಾತ್ರೆ ತಂದು ನುಂಗಿದೆವು. ನಾಲ್ಕು ದಿನದಲ್ಲಿ ಊತ ಇಳಿಯಿತು, ಹದಿನೈದು ದಿನ ಕಳೆದು ಪುನಃ ಬಂತು. ಒಬ್ಬರು ಸೂಜಿಯಲ್ಲಿ ಚುಚ್ಚಿ ಕೀವು ತೆಗೆಯಿರಿ ಎಂದೂ ಹೇಳಿದರು. ಪುಣ್ಯಕ್ಕೆ ಆ ಮಾತು ಕೇಳಲಿಲ್ಲ.

ಕೊನೆಗೆ ಹಲ್ಲಿನ ವೈದ್ಯರ ಹತ್ತಿರ ಹೋದೆವು. 'ಹಲ್ಲು ನೋಯುವುದೇ ಇಲ್ಲವಲ್ಲ' ಅಂದರೆ ಅವರು ನಕ್ಕು, ಸಲಕರಣೆಯ ಹಿಡಿಯಿಂದ ಮೇಲಿನ ಹಲ್ಲುಗಳನ್ನು ಒಂದೊಂದಾಗಿ ತಟ್ಟಿದರು. ಹಳೇ ಸಿಮೆಂಟ್ ತುಂಬಿಸಿದ್ದ ದವಡೆಹಲ್ಲಿಗೆ ಬಂದಾಗ ನಾವು ಕುರ್ಚಿಯಿಂದ ಎದ್ದೇ ಬಿಟ್ಟೆವು. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು. ಒಳಗಿನ ನರ ಯಾವಾಗಲೋ ಸತ್ತಿತ್ತು. ಹಾಗಾಗಿ ತಣ್ಣಗಿನದ್ದು, ಬಿಸಿಯದ್ದು ಯಾವುದೂ ಹಲ್ಲಿಗೆ ಗೊತ್ತಾಗುತ್ತಿರಲಿಲ್ಲ. ಮೇಲಿನ ದವಡೆಹಲ್ಲಿಗೆ ಸಾಮಾನ್ಯವಾಗಿ 3 ಬೇರು, ಎರಡು ಕೆನ್ನೆಯ ಕಡೆಗೆ, ಒಂದು ಅಂಗುಳಿನ ಕಡೆಗೆ. ಆ ಒಂದರಲ್ಲಿ ಕೀವಾದರೆ ಅದು ದಾರಿ ಮಾಡಿಕೊಂಡು ಅಂಗುಳಿಗೇ ಬರುತ್ತದೆ. ಮಾತ್ರೆ ಸೋಂಕನ್ನು ಸ್ವಲ್ಪ ತಗ್ಗಿಸೀತು, ಸತ್ತ ನರ ಒಳಗೇ ಕೂತಿರುತ್ತದೆ. ಕೀವು ಹೊರಗೆ ಬಿಟ್ಟು, ಮೂರು ಸಲ ಕರೆಸಿ ಬೇರಿನ ಚಿಕಿತ್ಸೆ ಮಾಡಿದರು. ಊತ ಮತ್ತೆ ಬರಲಿಲ್ಲ.

ಅಂಗುಳಿನ ಗಂಟೆಲ್ಲ ಹಲ್ಲಿನದ್ದೇ ಅಂತಲ್ಲ. ಬಿಸಿ ಚಾಯಕ್ಕೆ ಸುಟ್ಟದ್ದಾದರೆ ವಾರದೊಳಗೆ ಮಾಯುತ್ತದೆ. ಸರಿಯಾಗಿ ನಡುವಿನಲ್ಲಿ, ಕಲ್ಲಿನಂತೆ ಗಟ್ಟಿ, ನೋವಿಲ್ಲದೆ ವರ್ಷಗಟ್ಟಲೆ ಇರುವ ಉಬ್ಬು ಕೆಲವರಿಗೆ ಇರುತ್ತದೆ. ಅದು ಎಲುಬಿನ ಬೆಳವಣಿಗೆ, ಹೆಚ್ಚಿನವರಿಗೆ ಚಿಕಿತ್ಸೆಯೇ ಬೇಡ. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ ಹಾಗೆ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಹೆದರಬೇಕಾದದ್ದು ಬೇರೆ. ಗಂಟು ಅಥವಾ ಹುಣ್ಣು 2 ವಾರ ದಾಟಿಯೂ ಹೋಗದಿದ್ದರೆ, ನೋವಿಲ್ಲದಿದ್ದರೂ, ಸುಮ್ಮನಿರಬಾರದು. ಅಂಗುಳಿನಲ್ಲಿ ಸಣ್ಣ ಸಣ್ಣ ಜೊಲ್ಲು ಗ್ರಂಥಿಗಳಿವೆ, ಅಲ್ಲೂ ಕ್ಯಾನ್ಸರ್ ಆಗಬಹುದು. ಬೀಡಿ ಸೇದುವವರು, ಹೊಗೆಸೊಪ್ಪು ಹಾಕಿ ಎಲೆಯಡಿಕೆ ಜಗಿಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ, ಮನೆಯ ಹಿರಿಯ ಹೆಂಗಸರೂ ಸೇರಿ. ಖಾರ ತಿಂದರೆ ಉರಿ, ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ ಅಂತ ಅವರು ಹೇಳಿದರೆ 'ವಯಸ್ಸಾಯ್ತು' ಅನ್ನಬೇಡಿ. ಬರೀ ಅಡಿಕೆಯಿಂದಲೂ ಹಾಗಾಗುತ್ತದೆ. ಇನ್ನು ಜ್ವರ ಬಂದು ಮುಖ ಊದಿದರೆ, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೊರಡಿ. ಸಕ್ಕರೆ ಕಾಯಿಲೆಯವರಿಗೆ ಸೋಂಕು ಬೇಗ ಹಬ್ಬುತ್ತದೆ, ಅವರಂತೂ ತಡ ಮಾಡಲೇಬಾರದು.

ನಮ್ಮ ಹಲ್ಲಿಗೆ ಈಗ ಟೊಪ್ಪಿ ಹಾಕಿಸಿಯಾಗಿದೆ. ಎಕ್ಸ್‌ರೇ ತೋರಿಸಿದರೂ ಉಮ್ಮ ಒಪ್ಪಿಲ್ಲ. ಬಂಗುಡೆ ಬಡಿಸುವಾಗ ಈಗಲೂ ನಮ್ಮ ಪಾಲಿನದ್ದರ ಮುಳ್ಳು ಅವರೇ ಬಿಡಿಸಿ ಕೊಡುತ್ತಾರೆ.