ನಗರ ಯೋಜನೆಯೂ ನಿವಾಸಿಗಳೂ

ಒಂದು ಊರು ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಹೇಗೆ ಬೆಳೆಯತಕ್ಕದ್ದು, ಅದರ ಯಾವ ನೆಲ ವಾಸಕ್ಕೆ, ಯಾವುದು ವ್ಯಾಪಾರಕ್ಕೆ, ಯಾವುದು ಕೈಗಾರಿಕೆಗೆ, ಯಾವುದು ಕೆರೆಗೂ ಉದ್ಯಾನಕ್ಕೂ ಮೀಸಲು ಎಂಬುದನ್ನು ಮುಂಚಿತವಾಗಿ ಗೊತ್ತುಮಾಡುವ ದಾಖಲೆಗೆ ಮಹಾಯೋಜನೆ ಅಥವಾ ಮಾಸ್ಟರ್ ಪ್ಲಾನ್ ಎಂದು ಹೆಸರು. ಹೊರನೋಟಕ್ಕೆ ಅದು ಬಣ್ಣ ತುಂಬಿದ ನಕ್ಷೆಗಳೂ ಕೋಷ್ಟಕಗಳೂ ಸೇರಿದ ತಾಂತ್ರಿಕ ಗ್ರಂಥ. ಆದರೆ ಆ ಬಣ್ಣಗಳ ಹಿಂದೆ ಜನರ ಮನೆಮಠಗಳಿವೆ. ಒಂದು ಉದಾಹರಣೆಯನ್ನು ನೋಡೋಣ. ಬೆಂಗಳೂರಿನ 2007ರ ಪರಿಷ್ಕೃತ ಮಹಾಯೋಜನೆಯು ಕೆರೆಯ ಸುತ್ತ 30 ಮೀಟರು, ರಾಜಕಾಲುವೆಗಳ ಪಕ್ಕದಲ್ಲಿ ಅವುಗಳ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರುಗಳಷ್ಟು ನೆಲವನ್ನು ಕಟ್ಟಡಗಳಿಂದ ದೂರವಿರಿಸಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಕೆರೆಯ ಮಿತಿಯನ್ನು 75 ಮೀಟರಿಗೆ ಏರಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಏರಿಕೆಯನ್ನು ರದ್ದುಪಡಿಸಿತು. ಉಳಿತಾಯದ ಹಣವನ್ನೆಲ್ಲ ಸುರಿದು ಕೆರೆಯ ಬಳಿ ನಿವೇಶನ ಕೊಂಡವನಿಗೂ, ಮಳೆ ಬಂದಾಗಲೆಲ್ಲ ಮನೆಯೊಳಗೆ ನೀರು ನುಗ್ಗುವ ತಗ್ಗಿನ ಕೇರಿಯವನಿಗೂ, ನಕ್ಷೆಯ ಮೇಲಿನ ಆ ಒಂದು ಗೆರೆ ಬದುಕಿನ ಪ್ರಶ್ನೆಯೇ ಆಗಿತ್ತು.

ಇಂಥ ಗೆರೆಗಳನ್ನು ಎಳೆಯುವ ಕಾರ್ಯದಲ್ಲಿ ಅಲ್ಲಿ ವಾಸಿಸುವವರಿಗೆ ಏನು ಪಾತ್ರವಿದೆ? ಜನರನ್ನು ಕೇಳಬೇಕೆಂಬುದನ್ನು ಇಂದು ಬಹಿರಂಗವಾಗಿ ಅಲ್ಲಗಳೆಯುವವರಿಲ್ಲ. ಆದುದರಿಂದ ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಬೇಕೆಂದಿರುವುದು ಕೇಳಬೇಕೆ ಬೇಡವೆ ಎಂಬ ಪ್ರಶ್ನೆಯನ್ನಲ್ಲ, ಯಾವಾಗ ಕೇಳಬೇಕು ಎಂಬ ಪ್ರಶ್ನೆಯನ್ನು. ಕೇಳುವ ಹೊತ್ತು ಬದಲಾದರೆ, ಜನರು ಹೇಳಬಹುದಾದ ಮಾತಿನ ಸ್ವರೂಪವೇ ಬದಲಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಕಾನೂನಿನ ಕ್ರಮ

ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಆಧಾರವಾದುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಅದು ಜಾರಿಗೆ ಬಂದುದು 1965ರಲ್ಲಿ. ಅದರ ಕ್ರಮ ಸ್ಥೂಲವಾಗಿ ಹೀಗಿದೆ: ಯೋಜನಾ ಪ್ರಾಧಿಕಾರವು ತನ್ನ ಪ್ರದೇಶದ ಸರ್ವೇಕ್ಷಣೆ ನಡೆಸಿ ಯೋಜನೆಯನ್ನು ರಚಿಸುತ್ತದೆ, ಅದನ್ನು ರಾಜ್ಯ ಸರ್ಕಾರಕ್ಕೆ ಒಪ್ಪಿಸುತ್ತದೆ, ಸರ್ಕಾರವು ತಾತ್ಕಾಲಿಕ ಮಂಜೂರಾತಿಯನ್ನು ಕೊಡುತ್ತದೆ. ಆ ಬಳಿಕ ಯೋಜನೆಯನ್ನು ಪ್ರಕಟಿಸಿ, 60 ದಿನಗಳೊಳಗೆ ಸಾರ್ವಜನಿಕರು ತಮ್ಮ ಅಭಿಪ್ರಾಯವನ್ನು ಲಿಖಿತವಾಗಿ ತಿಳಿಸಬಹುದೆಂದು ಸಾರಲಾಗುತ್ತದೆ. ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಶೀಲಿಸಿ, ಬೇಕಾದ ಮಾರ್ಪಾಡುಗಳೊಡನೆ ಮತ್ತೆ ಸರ್ಕಾರಕ್ಕೆ ಕಳುಹಿಸಿದ ಮೇಲೆ ಅಂತಿಮ ಮಂಜೂರಾತಿ ದೊರೆಯುತ್ತದೆ. ಹತ್ತು ವರ್ಷಗಳಿಗೆ ಒಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕೆಂಬ ವಿಧಿಯೂ ಅದರಲ್ಲಿದೆ.

ಈ ಕ್ರಮದಲ್ಲಿ ಸಾಮಾನ್ಯ ನಿವಾಸಿಯು ಕಾಣಿಸಿಕೊಳ್ಳುವ ಘಟ್ಟವನ್ನು ಗಮನಿಸಬೇಕು. ಸರ್ವೇಕ್ಷಣೆ ಮುಗಿದಿದೆ, ಗುರಿಗಳು ನಿಶ್ಚಿತವಾಗಿವೆ, ನಕ್ಷೆ ಸಿದ್ಧವಾಗಿದೆ, ಸರ್ಕಾರದ ಒಪ್ಪಿಗೆಯ ಮುದ್ರೆಯೂ ಒಮ್ಮೆ ಬಿದ್ದಿದೆ. ಅಂಥ ಹೊತ್ತಿನಲ್ಲಿ ಆತನು ಹೇಳಬಹುದಾದುದು ‘ಇದು ಬೇಡ’ ಎಂದು ಮಾತ್ರ. ‘ನಮ್ಮ ಕೇರಿಗೆ ಇಂಥದು ಬೇಕು’ ಎನ್ನುವ ಅವಕಾಶ ಕಾಗದದ ಮೇಲೆ ಇದ್ದರೂ, ಸಿದ್ಧವಾದ ನಕ್ಷೆಯಲ್ಲಿ ಅದಕ್ಕೆ ಸ್ಥಳವಿರುವುದಿಲ್ಲ. ಆಕ್ಷೇಪಣೆ ಎಂಬುದು ನಾಗರಿಕನ ಹಕ್ಕು, ನಿಜ; ಆದರೆ ಅದು ರಕ್ಷಣೆಯ ಹಕ್ಕೇ ಹೊರತು ರಚನೆಯ ಹಕ್ಕಲ್ಲ.

ಬೆಂಗಳೂರಿನ ಅನುಭವ

ಬೆಂಗಳೂರಿನ ಇತಿಹಾಸವು ಈ ಮಾತಿಗೆ ನಿದರ್ಶನವನ್ನು ಒದಗಿಸುತ್ತದೆ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾದ ಮೇಲೆ 1984, 1995 ಮತ್ತು 2007ರಲ್ಲಿ ಒಂದರ ಹಿಂದೊಂದರಂತೆ ಮೂರು ಯೋಜನೆಗಳು ಮಂಜೂರಾದವು. 2007ರದು 2015ನೆಯ ವರ್ಷವನ್ನು ಗುರಿಯಾಗಿಟ್ಟುಕೊಂಡಿತ್ತು. ಅನಂತರ 2031ನೆಯ ವರ್ಷಕ್ಕಾಗಿ ಹೊಸ ಕರಡೊಂದನ್ನು ಪ್ರಾಧಿಕಾರವು 2017ರ ನವೆಂಬರಿನಲ್ಲಿ ಪ್ರಕಟಿಸಿತು. ಆಗ ನಗರದ ಜನಸಂಖ್ಯೆ 2031ಕ್ಕೆ ಎರಡು ಕೋಟಿಯನ್ನು ದಾಟುವುದೆಂದು ಅಂದಾಜು ಮಾಡಲಾಗಿತ್ತು. ಸಾವಿರಗಟ್ಟಲೆ ಆಕ್ಷೇಪಣೆಗಳು ಬಂದವು. ಕೆಲವರದು ತಮ್ಮ ಬೀದಿಯ ಮಾತು: ಶಾಂತವಾದ ವಾಸದ ಬೀದಿಗಳಲ್ಲಿ ಅಂಗಡಿ, ಹೋಟೆಲುಗಳಿಗೆ ಅನುಮತಿ ಸಿಗಬಾರದು. ಕೆಲವರದು ಮೂಲದ ಮಾತು: ಸಂವಿಧಾನದ ಪ್ರಕಾರ ಇಂಥ ಯೋಜನೆಯನ್ನು ರಚಿಸತಕ್ಕದ್ದು ಮಹಾನಗರ ಯೋಜನಾ ಸಮಿತಿಯೇ ಹೊರತು ಪ್ರಾಧಿಕಾರವಲ್ಲ. ಕೊನೆಗೆ 2020ರಲ್ಲಿ ಸರ್ಕಾರವು ಆ ಕರಡನ್ನೇ ಹಿಂದಕ್ಕೆ ತೆಗೆದುಕೊಂಡಿತು. ಗುರಿಯ ವರ್ಷ ಕಳೆದುಹೋಗಿದ್ದರೂ 2007ರ ಯೋಜನೆಯೇ ಬಳಕೆಯಲ್ಲಿ ಮುಂದುವರಿಯಿತು.

ಇದನ್ನು ಜನರ ಗೆಲುವೆನ್ನೋಣವೆ? ಒಂದರ್ಥದಲ್ಲಿ ಹೌದು. ಆದರೆ ಆಕ್ಷೇಪಣೆಗಳಿಂದ ಒಂದು ಯೋಜನೆ ನಿಂತಿತೇ ಹೊರತು ಇನ್ನೊಂದು ಹುಟ್ಟಲಿಲ್ಲ. ಈ ನಡುವೆ ನಗರವೇನೂ ಕಾಯುತ್ತ ಕುಳಿತಿರಲಿಲ್ಲ. ಯೋಜನೆಯಿಲ್ಲದ ಬೆಳವಣಿಗೆಯೂ ಬೆಳವಣಿಗೆಯೇ. ತಡವಾಗಿ ಕೇಳಿದುದರ ಬೆಲೆ ಎರಡೂ ಕಡೆಯವರ ಮೇಲೆ ಬೀಳುತ್ತದೆಂಬುದನ್ನು ಇಲ್ಲಿ ಕಾಣಬಹುದು.

ಸರ್ವೇಕ್ಷಣೆಯ ಘಟ್ಟ

ಹಾಗಾದರೆ ಮುಂಚಿತವಾಗಿ ಕೇಳುವುದೆಂದರೇನು? ಇದಕ್ಕೆ ಉತ್ತರವನ್ನು ನಮ್ಮ ದೇಶದ ನೆಲದ ಮೇಲೆಯೇ ಒಬ್ಬರು ನೂರು ವರ್ಷಗಳಿಗೂ ಹಿಂದೆ ತೋರಿಸಿಕೊಟ್ಟಿದ್ದರು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಅವರು (1854–1932) 1914ರಲ್ಲಿ ಭಾರತಕ್ಕೆ ಬಂದು ಮದರಾಸು, ಮುಂಬಯಿ ಆಧಿಪತ್ಯಗಳ ಊರುಗಳನ್ನೂ ಹಲವು ಸಂಸ್ಥಾನಗಳ ರಾಜಧಾನಿಗಳನ್ನೂ ಸುತ್ತಿ ವರದಿಗಳನ್ನು ಬರೆದರು. 1919ರಿಂದ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಯೋಜನೆಗೆ ಮೊದಲು ಸರ್ವೇಕ್ಷಣೆ ನಡೆಯಬೇಕೆಂಬುದು ಅವರ ಮೂಲಸೂತ್ರ. ವೈದ್ಯನು ಮೊದಲು ನಾಡಿ ನೋಡುವಂತೆ ಯೋಜಕನು ಮೊದಲು ಗಲ್ಲಿಗಲ್ಲಿಯಲ್ಲಿ ನಡೆದಾಡಬೇಕು. ಇಕ್ಕಟ್ಟಾದ ಹಳೆಯ ಕೇರಿಗಳ ನಡುವೆ ನೇರವಾದ ಹೆದ್ದಾರಿಯನ್ನು ಸೀಳಿ ನೂರಾರು ಸಂಸಾರಗಳನ್ನು ಎಬ್ಬಿಸುವುದನ್ನು ಅವರು ಒಪ್ಪುತ್ತಿರಲಿಲ್ಲ. ಬಿದ್ದುಹೋದ ಒಂದೆರಡು ಮನೆಗಳನ್ನು ಮಾತ್ರ ತೆಗೆದು, ಅಲ್ಲೊಂದು ಬಯಲು ಬಿಟ್ಟು, ಬಾವಿಯನ್ನೂ ಮರವನ್ನೂ ಉಳಿಸಿ ಗಾಳಿಬೆಳಕಿಗೆ ದಾರಿ ಮಾಡುವ ಈ ಕ್ರಮವನ್ನು ಅವರು ಉಳಿಸುವ ಶಸ್ತ್ರಚಿಕಿತ್ಸೆ ಎಂಬರ್ಥದ ಹೆಸರಿನಿಂದ ಕರೆದರು.

ಇಂದೂರಿನಲ್ಲಿ ಅವರು ಮಾಡಿದ ಪ್ರಯೋಗ ಪ್ರಸಿದ್ಧವಾಗಿದೆ. ಆ ನಗರವು ಪ್ಲೇಗಿನಿಂದ ನರಳುತ್ತಿತ್ತು. ದೀಪಾವಳಿಯ ಮೆರವಣಿಗೆಯು ಹಳೆಯ ದಾರಿಯನ್ನು ಬಿಟ್ಟು, ಯಾವ ಬೀದಿಗಳನ್ನು ಜನರು ಹೆಚ್ಚು ಚೊಕ್ಕಟಗೊಳಿಸಿ ದುರಸ್ತಿ ಮಾಡಿರುವರೋ ಆ ಬೀದಿಗಳಲ್ಲಿಯೇ ಸಾಗುವುದೆಂದು ಅವರು ಸಾರಿಸಿದರು. ಕೇರಿಕೇರಿಗಳ ನಡುವೆ ಸ್ಪರ್ಧೆ ಹುಟ್ಟಿತು. ಗಾಡಿಗಟ್ಟಲೆ ಕಸ ಹೊರಬಿದ್ದಿತು. ಮೆರವಣಿಗೆಯಲ್ಲಿ ನಗರದ ಜಾಡಮಾಲಿಗಳು ಬಿಳಿಯ ಉಡುಪಿನಲ್ಲಿ ಗೌರವದಿಂದ ನಡೆದರು. ಇಂದೂರಿನ ಅವರ ವರದಿ 1918ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ನಿವಾಸಿಗಳ ಕೈಯೇ ಯೋಜನೆಯ ಮೊದಲ ಸಲಕರಣೆ ಎಂಬುದನ್ನು ಈ ಘಟನೆಯಿಂದ ನಾವು ತಿಳಿಯಬಹುದು. ಆದರೂ ಗೆಡ್ಡಿಸ್ ಅವರಿಗೆ ಅಧಿಕಾರ ಬಂದುದು ಮಹಾರಾಜರಿಂದ, ಜನರಿಂದಲ್ಲ. ಅವರು ಹೊರಟುಹೋದ ಮೇಲೆ ಆ ಉತ್ಸಾಹವನ್ನು ಹಿಡಿದಿಡತಕ್ಕ ಸಂಸ್ಥೆಯೊಂದು ಉಳಿಯಲಿಲ್ಲ.

ನಮ್ಮ ಕಾಲದ ಮುಂಬಯಿಯಲ್ಲಿ ಸರ್ವೇಕ್ಷಣೆಯ ಘಟ್ಟವು ಸಾರ್ವಜನಿಕವಾದುದರ ಒಂದು ಮಾದರಿ ಸಿಗುತ್ತದೆ. 2014ರಿಂದ 2034ರವರೆಗಿನ ಅಭಿವೃದ್ಧಿ ಯೋಜನೆಗಾಗಿ ಅಲ್ಲಿಯ ಮಹಾನಗರಪಾಲಿಕೆಯು, ಯೋಜನೆಯನ್ನು ರಚಿಸುವ ಮೊದಲೇ, ಆಗಿನ ಭೂಬಳಕೆಯ ನಕ್ಷೆಗಳನ್ನು ಪ್ರಕಟಿಸಿತು. ಇದ್ದ ಶಾಲೆ ಕಾಣಿಸದಿರುವುದು, ಒಂದು ಕಟ್ಟಡ ಇನ್ನೊಂದರ ಹೆಸರು ಹೊತ್ತಿರುವುದು ಮುಂತಾದ ತಪ್ಪುಗಳನ್ನು ನಾಗರಿಕರು ಎತ್ತಿ ತೋರಿಸಿದರು. ಆದರೆ 2015ರ ಫೆಬ್ರವರಿಯಲ್ಲಿ ಹೊರಬಂದ ಕರಡಿನಲ್ಲಿ ಬಹಳಷ್ಟು ತಪ್ಪುಗಳು ಮತ್ತೆ ಕಂಡುಬಂದವು; 60,000ಕ್ಕೂ ಮಿಕ್ಕಿ ಆಕ್ಷೇಪಣೆಗಳು ಬಂದವು; ಏಪ್ರಿಲಿನಲ್ಲಿ ಅದನ್ನು ಹೊಸದಾಗಿ ಸಿದ್ಧಪಡಿಸುವಂತೆ ರಾಜ್ಯ ಸರ್ಕಾರವು ಆಜ್ಞಾಪಿಸಿತು. ಪರಿಷ್ಕೃತ ಯೋಜನೆಗೆ 2018ರಲ್ಲಿ ಮಂಜೂರಾತಿ ದೊರೆಯಿತು. ಕೇರಿಯನ್ನು ಬಲ್ಲವರು ಅಲ್ಲಿಯವರೇ. ಆದರೆ ಅವರು ಹೇಳಿದುದನ್ನು ದಾಖಲಿಸಿ ಉತ್ತರ ಕೊಡುವ ಕಟ್ಟುಪಾಡು ಇಲ್ಲದಿದ್ದರೆ ಕೇಳಿದುದೂ ಕೇಳದಂತೆಯೇ.

ಸಂಕಲ್ಪದ ಘಟ್ಟ

ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಏನು ಬೇಕೆಂಬುದನ್ನು ಜನರೇ ಗೊತ್ತುಮಾಡುವಂತೆ ಮಾಡಿದ ಪ್ರಯೋಗ ನೆರೆಯ ಕೇರಳದ್ದು. 1996ರ ಆಗಸ್ಟಿನಲ್ಲಿ ಅಲ್ಲಿ ಆರಂಭವಾದ ಜನಕೀಯ ಯೋಜನೆಯ ಆಂದೋಲನವು ಒಂಬತ್ತನೆಯ ಪಂಚವಾರ್ಷಿಕ ಯೋಜನೆಯಲ್ಲಿ (1997–2002) ರಾಜ್ಯದ ಯೋಜನಾ ವೆಚ್ಚದ 35ರಿಂದ 40 ಶೇಕಡ ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿಕೊಡುವುದೆಂಬ ತೀರ್ಮಾನದಿಂದ ಹೊರಟಿತು. ಗ್ರಾಮಸಭೆಗಳಲ್ಲಿ ಜನರು ವಿಷಯಕ್ಕೊಂದರಂತೆ ಗುಂಪುಗಳಾಗಿ ಕುಳಿತು ಕುಂದುಕೊರತೆಗಳನ್ನು ಚರ್ಚಿಸಿದರು. ಅದರ ಆಧಾರದ ಮೇಲೆ ಪ್ರತಿಯೊಂದು ಪಂಚಾಯಿತಿಯೂ ಅಭಿವೃದ್ಧಿ ವರದಿಯನ್ನು ಬರೆಯಿತು. ವಿಚಾರಗೋಷ್ಠಿಗಳಲ್ಲಿ ಅದನ್ನು ಒರೆಗೆ ಹಚ್ಚಿ, ಕಾರ್ಯತಂಡಗಳು ಕಾಮಗಾರಿಗಳ ವಿವರಗಳನ್ನು ರಚಿಸಿದವು. ಹತ್ತರಲ್ಲಿ ಒಂದು ಪಾಲು ಸ್ತ್ರೀಯರ ಅಭಿವೃದ್ಧಿಗೆ ಮೀಸಲಾಯಿತು. ಪಟ್ಟಣಗಳಲ್ಲಿಯೂ ವಾರ್ಡುಗಳ ಮಟ್ಟದಲ್ಲಿ ಇದೇ ಮಾರ್ಗವನ್ನು ಅನುಸರಿಸಲಾಯಿತು.

ಇಲ್ಲಿ ಮುಖ್ಯವಾದ ಅಂಶ ಮೊದಲು ಹಣದ ನಿಶ್ಚಯ, ಅನಂತರ ಸಭೆ ಎಂಬ ಕ್ರಮ. ಕೈಯಲ್ಲಿ ಇಷ್ಟು ಹಣವಿದೆ ಎಂದು ಗೊತ್ತಿರುವ ಸಭೆಯು ಬೇಡಿಕೆಗಳ ಉದ್ದನೆಯ ಪಟ್ಟಿಯನ್ನು ಬರೆದು ಸುಮ್ಮನಾಗಲಾರದು. ಬಾವಿಯೋ ರಸ್ತೆಯೋ ಎಂದು ಆರಿಸಿಕೊಳ್ಳಲೇಬೇಕಾಗುತ್ತದೆ. ಆಯ್ಕೆಯ ಹೊಣೆಯೇ ಯೋಜನೆಯ ಶಿಕ್ಷಣ.

ಎರಡು ಎಚ್ಚರಿಕೆಗಳು

ನಿವಾಸಿಗಳು ಎಂಬ ಮಾತನ್ನು ಸಡಿಲವಾಗಿ ಬಳಸಬಾರದು. ಬಡಾವಣೆಯ ಸಭೆಗೆ ಬರುವವರು ಸಾಮಾನ್ಯವಾಗಿ ಸ್ವಂತ ಮನೆಯುಳ್ಳವರು, ಬಿಡುವುಳ್ಳವರು, ಅರ್ಜಿ ಬರೆಯಬಲ್ಲವರು. ಬಾಡಿಗೆದಾರರು, ಕೊಳೆಗೇರಿಯವರು, ಮನೆಗೆಲಸಕ್ಕೆ ಬರುವ ಹೆಂಗಸರು, ಫುಟ್‌ಪಾತಿನಲ್ಲಿ ತರಕಾರಿ ಮಾರುವವರು ಆ ಬಡಾವಣೆಯನ್ನು ದಿನವೂ ಬಳಸುವವರೇ ಆದರೂ ಸಭೆಯ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಬೀದಿಬದಿ ವ್ಯಾಪಾರಿಗಳ 2014ರ ಕಾನೂನು ಈ ಕೊರತೆಗೆ ಒಂದು ದಾರಿ ತೋರಿಸಿದೆ: ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡ ಸದಸ್ಯರು ವ್ಯಾಪಾರಿಗಳಿಂದಲೇ ಚುನಾಯಿತರಾಗಿ ಬರಬೇಕು. ದನಿಯಿಲ್ಲದವರಿಗೆ ಆಹ್ವಾನ ಸಾಲದು, ಸ್ಥಾನವೇ ಬೇಕು.

ಎರಡನೆಯದು, ಒಂದು ಕೇರಿಯ ಹಿತವೂ ಇಡೀ ಊರಿನ ಹಿತವೂ ಯಾವಾಗಲೂ ಒಂದೇ ಅಲ್ಲ. ಬೆಂಗಳೂರಿನ ಕಸವನ್ನು ಬಹುಕಾಲ ಮಂಡೂರು, ಮಾವಳ್ಳಿಪುರಗಳಂಥ ಹಳ್ಳಿಗಳ ಬಳಿ ಸುರಿಯಲಾಯಿತು. ಆ ಹಳ್ಳಿಗರು ಹೋರಾಡಿ 2012ರಲ್ಲಿ ಮಾವಳ್ಳಿಪುರದಲ್ಲಿಯೂ 2014ರ ಕೊನೆಗೆ ಮಂಡೂರಿನಲ್ಲಿಯೂ ಅದನ್ನು ನಿಲ್ಲಿಸಬೇಕಾಯಿತು. ಪ್ರತಿಯೊಂದು ಬಡಾವಣೆಯೂ ‘ನಮ್ಮಲ್ಲಿ ಬೇಡ’ ಎಂದರೆ, ಆ ಹೊರೆ ದನಿ ಕುಗ್ಗಿದ ಕಡೆಗೆ ಉರುಳುತ್ತದೆ. ಆದಕಾರಣ ಕೆಳಗಿನ ಸಂಕಲ್ಪಗಳನ್ನು ತೂಗಿ ಹೊಂದಿಸುವ, ಆದರೆ ಜನರಿಗೆ ಉತ್ತರ ಹೇಳಬೇಕಾದ, ಮೇಲಿನ ಮಂಡಲಿಯೊಂದು ಅವಶ್ಯ.

ಸಂವಿಧಾನದ ದಾರಿ

ಸಂವಿಧಾನದ 74ನೆಯ ತಿದ್ದುಪಡಿಯು (1992) ಈ ಎರಡೂ ಮಟ್ಟಗಳನ್ನು ಕಲ್ಪಿಸಿದೆ. ಮೂರು ಲಕ್ಷ ಅಥವಾ ಅದಕ್ಕೆ ಮಿಕ್ಕ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳು. ಹತ್ತು ಲಕ್ಷಕ್ಕೆ ಮೇಲ್ಪಟ್ಟ ಪ್ರದೇಶಗಳಲ್ಲಿ, ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಷ್ಟು ಚುನಾಯಿತ ಸದಸ್ಯರಿರುವ ಮಹಾನಗರ ಯೋಜನಾ ಸಮಿತಿ. ಬೆಂಗಳೂರಿಗಾಗಿ ಅಂಥ ಸಮಿತಿಯು 2014ರಲ್ಲಿ ರಚನೆಯಾಯಿತು. ಆದರೂ 2017ರ ಕರಡನ್ನು ಸಿದ್ಧಪಡಿಸಿದುದು ಅಭಿವೃದ್ಧಿ ಪ್ರಾಧಿಕಾರವೇ. 2011ರ ರಾಜ್ಯದ ತಿದ್ದುಪಡಿಯು ವಾರ್ಡು ಸಮಿತಿಗಳಲ್ಲಿ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ನಿವಾಸಿಗಳ ಸಂಘಗಳಿಗೂ ಸ್ಥಾನ ಕೊಟ್ಟಿತು. 2020ರ ಸೆಪ್ಟೆಂಬರಿನಲ್ಲಿ ಮಹಾನಗರಪಾಲಿಕೆಯ ಚುನಾಯಿತ ಮಂಡಲಿಯ ಅವಧಿ ಮುಗಿದು ಆಡಳಿತಾಧಿಕಾರಿಯ ಕೈಗೆ ನಗರ ಸೇರಿತು. 2025ರಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳಾದವು. ಪಾಲಿಕೆ ಒಂದಿರಲಿ ಐದಿರಲಿ, ಚುನಾಯಿತ ಸದಸ್ಯರಿಲ್ಲದೆ ಸಂವಿಧಾನವು ಬಯಸಿದ ಯೋಜನಾ ಸಮಿತಿಯು ತನ್ನ ನಿಜವಾದ ರೂಪವನ್ನು ತಳೆಯಲಾರದು. ನಿವಾಸಿಗಳ ಪಾತ್ರದ ಪ್ರಶ್ನೆಯು ಕೊನೆಗೆ ಸ್ಥಳೀಯ ಚುನಾವಣೆಗಳು ಕಾಲಕ್ಕೆ ಸರಿಯಾಗಿ ನಡೆಯುವ ಪ್ರಶ್ನೆಯೂ ಆಗಿದೆ.

ಇದುವರೆಗಿನ ವಿಚಾರದಿಂದ ಮೂರು ಅಂಶಗಳು ಹೊರಪಡುತ್ತವೆ. ಸರ್ವೇಕ್ಷಣೆಯ ನಕ್ಷೆಗಳು ಯೋಜನೆಗೆ ಮುಂಚೆಯೇ, ಕನ್ನಡದಲ್ಲಿ, ವಾರ್ಡುವಾರ್ಡಿಗೆ ಪ್ರಕಟವಾಗಬೇಕು. ವಾರ್ಡಿಗೆ ಇಂತಿಷ್ಟು ಹಣವೆಂಬುದು ಸಭೆಗೆ ಮೊದಲೇ ತಿಳಿದಿರಬೇಕು. ಬಂದ ಸಲಹೆಗಳಲ್ಲಿ ಯಾವುದನ್ನು ಏತಕ್ಕಾಗಿ ಒಪ್ಪಲಾಯಿತು, ಏತಕ್ಕಾಗಿ ಬಿಡಲಾಯಿತು ಎಂಬುದಕ್ಕೆ ಲಿಖಿತ ಉತ್ತರವಿರಬೇಕು. ಹೀಗಾದಾಗ 60 ದಿನಗಳ ಆಕ್ಷೇಪಣೆಯ ಅವಧಿಯು ಜಗಳದ ಆರಂಭವಾಗದೆ ಅಳಿದುಳಿದ ತಪ್ಪುಗಳನ್ನು ತಿದ್ದುವ ಕಾಲವಾಗುತ್ತದೆ.

ಇದರಲ್ಲಿ ಕಾಲೇಜುಗಳ ಪಾಲೂ ಉಂಟು. ಭೂಗೋಳ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳು ತಮ್ಮ ಕಾಲೇಜಿರುವ ವಾರ್ಡಿನಲ್ಲಿ ಬೀದಿಬೀದಿ ನಡೆದು ನೆಲದ ಬಳಕೆ, ಚರಂಡಿಯ ಹರಿವು, ಬಾಡಿಗೆ ಮನೆಗಳ ಸಂಖ್ಯೆ, ಸಂತೆ ಕೂಡುವ ಜಾಗಗಳು ಇವನ್ನು ಗುರುತಿಸುವುದು ಒಂದು ವರ್ಷದ ಅಭ್ಯಾಸಕ್ಕೆ ಸಾಕಾದ ಕೆಲಸ. ಸಭೆಗೆ ಬಾರದವರ ಮನೆಬಾಗಿಲಿಗೆ ಅವರು ಹೋಗಬಲ್ಲರು. ಮುಂದಿನ ಯೋಜನೆಯ ಕರಡು ಹೊರಬೀಳುವುದಕ್ಕೆ ಮೊದಲು ಅಂಥ ಸರ್ವೇಕ್ಷಣೆಯ ನಕ್ಷೆಯೊಂದು ವಾರ್ಡಿನ ಜನರ ಕೈಯಲ್ಲಿದ್ದರೆ, ಬೇಡವೆನ್ನುವ ಮಾತಿನ ಜೊತೆಗೆ ಇಂಥದು ಬೇಕೆಂಬ ಮಾತನ್ನೂ ಅವರು ಆಧಾರಸಹಿತವಾಗಿ ಆಡಬಲ್ಲರು.