ಜಿಂಕೆಯ ಬೇಟೆಗೆ ಎಷ್ಟು ಅಳತೆಯ ಕೋವಿ?

ಜಿಂಕೆಯ ಬೇಟೆಗೆ ಯಾವ ಅಳತೆಯ ಕೋವಿ ತಕ್ಕುದು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಇಂದು ಒಂದೇ ಉತ್ತರವುಂಟು: ಯಾವುದೂ ಅಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ಕಡಿವಾಣ ಹಾಕಿತು. ೧೯೯೧ರ ತಿದ್ದುಪಡಿಯು ಉಳಿದಿದ್ದ ಬೇಟೆಯ ಪರವಾನಗಿಗಳನ್ನೂ ರದ್ದುಪಡಿಸಿತು. ಆದರೆ ಸಮುದ್ರದಾಚೆಯ ಬ್ರಿಟನ್ನಿನಲ್ಲಿ ಈ ಪ್ರಶ್ನೆ ಕೋವಿಯಂಗಡಿಗಳಲ್ಲಿ ಇಂದಿಗೂ ಕೇಳಿಬರುವಂಥದು. ಅಲ್ಲಿ ಅದರ ಉತ್ತರವನ್ನು ಅಂಗಡಿಕಾರನ ಮಾತಿಗಾಗಲಿ ಬೇಟೆಗಾರನ ಷೋಕಿಗಾಗಲಿ ಪೂರ್ತಿ ಬಿಟ್ಟುಕೊಟ್ಟಿಲ್ಲ. ಕಾನೂನೇ ಅಳತೆಯನ್ನು ಗೊತ್ತುಪಡಿಸಿದೆ. ಆ ಅಳತೆಯ ಹಿಂದೆ ಒಂದು ವಿಚಾರವಿದೆ. ಪ್ರಾಣಿಯನ್ನು ಕೊಲ್ಲುವುದು ಅನಿವಾರ್ಯವಾದಲ್ಲಿ ಅದನ್ನು ನರಳಿಸದೆ ಕೊಲ್ಲಬೇಕೆಂಬುದೇ ಆ ವಿಚಾರ. ಕೋವಿಯನ್ನು ಎಂದೂ ಕೈಯಲ್ಲಿ ಹಿಡಿಯದ ವಾಚಕರೂ ಇದನ್ನು ತಿಳಿದಿರುವುದು ಒಳ್ಳೆಯದೆಂದು ನಮ್ಮ ಎಣಿಕೆ.

ಬ್ರಿಟನ್ನಿನಲ್ಲಿ ಜಿಂಕೆಯನ್ನು ಕೊಲ್ಲುವುದಾದರೂ ಏತಕ್ಕೆ? ಅಲ್ಲಿನ ಕಾಡುಗಳಲ್ಲಿ ಆರು ಜಾತಿಯ ಜಿಂಕೆಗಳಿವೆ. ರೆಡ್ ಮತ್ತು ರೋ ಎಂಬೆರಡು ಜಾತಿಗಳು ಆ ನೆಲದವೇ. ಫ್ಯಾಲೋ ಎಂಬುದು ನಾರ್ಮನ್ನರ ಕಾಲದಲ್ಲಿ ಬಂದು ನೆಲೆಸಿದ್ದು. ಸಿಕಾ, ಮಂಟ್‌ಜಾಕ್ ಮತ್ತು ಚೀನೀ ನೀರುಜಿಂಕೆಗಳನ್ನು ಸಿರಿವಂತರು ತಮ್ಮ ಉದ್ಯಾನಗಳ ಶೋಭೆಗೆಂದು ಪೂರ್ವದೇಶಗಳಿಂದ ತರಿಸಿದರು. ಬೇಲಿ ದಾಟಿದವು ಕಾಡು ಸೇರಿದವು. ಈ ಮಂಟ್‌ಜಾಕ್ ನಮ್ಮ ಮಲೆನಾಡಿನ ಕಾಡುಕುರಿಯ ಹತ್ತಿರದ ದಾಯಾದಿ. ಇವನ್ನೆಲ್ಲ ಹಿಡಿದು ತಿನ್ನಬೇಕಾಗಿದ್ದ ತೋಳವು ಅಲ್ಲಿ ಶತಮಾನಗಳ ಹಿಂದೆಯೇ ನಿರ್ನಾಮವಾಯಿತು. ತಿನ್ನುವವರಿಲ್ಲದೆ ಜಿಂಕೆಗಳು ಹೆಚ್ಚುತ್ತವೆ. ಹೆಚ್ಚಿದವು ಎಳೆಯ ಗಿಡಗಳನ್ನು ತಲೆಯೆತ್ತಗೊಡುವುದಿಲ್ಲ, ಬೆಳೆಯನ್ನು ಮೇಯುತ್ತವೆ. ಹೀಗಿರುವಲ್ಲಿ ಹುಲಿ ಚಿರತೆಗಳು ನಮ್ಮ ಕಾಡಿನಲ್ಲಿ ಮಾಡುವ ಕೆಲಸವನ್ನು ಅಲ್ಲಿ ಕೋವಿ ಹಿಡಿದ ಮನುಷ್ಯನು ಮಾಡಬೇಕಾಗಿ ಬಂದಿದೆ.

ಇನ್ನು ಕೋವಿಯ ಅಳತೆಯ ವಿಚಾರ. ರೈಫಲಿನ ನಳಿಗೆಯ ಒಳಮೈಯಲ್ಲಿ ತಿರುಪಿನಂತೆ ಸುತ್ತಿಹೋಗುವ ಗೀರುಗಳಿರುತ್ತವೆ. ಗುಂಡು ಅವುಗಳ ಹಿಡಿತಕ್ಕೆ ಸಿಕ್ಕಿ ಬುಗುರಿಯಂತೆ ತಿರುಗುತ್ತ ಹೊರಬೀಳುವುದರಿಂದ ದಾರಿ ತಪ್ಪದೆ ನೆಟ್ಟಗೆ ಸಾಗುತ್ತದೆ. ಈ ನಳಿಗೆಯ ಒಳವ್ಯಾಸಕ್ಕೆ ಕ್ಯಾಲಿಬರ್ ಎಂದು ಹೆಸರು. ಇಂಗ್ಲಿಷರು ಅದನ್ನು ಇಂಚಿನ ದಶಾಂಶದಲ್ಲಿಯೂ ಯೂರೋಪಿನ ಇತರರು ಮಿಲಿಮೀಟರಿನಲ್ಲಿಯೂ ಹೇಳುವರು. ನಮ್ಮ ಪೊಲೀಸರ ಹೆಗಲಲ್ಲಿ ಬಹುಕಾಲ ಕಂಡ ತ್ರೀ-ನಾಟ್-ತ್ರೀ ಎಂದರೆ ಇಂಚಿನ ಸಾವಿರದಲ್ಲಿ ೩೦೩ ಪಾಲು.

ಆದರೆ ಈ ಹೆಸರುಗಳನ್ನು ನೆಚ್ಚಿ ಕುಳಿತರೆ ಮೋಸಹೋಗುವ ಸಂಭವವುಂಟು. ತ್ರೀ-ನಾಟ್-ತ್ರೀಯ ಗುಂಡಿನ ನಿಜವಾದ ವ್ಯಾಸ ಸುಮಾರು ೩೧೧ ಪಾಲು. ಅಮೆರಿಕದ ಥರ್ಟಿ-ನಾಟ್-ಸಿಕ್ಸ್ ಎಂಬ ಹೆಸರಿನಲ್ಲಿ ೩೦ ಎಂಬುದು ನಳಿಗೆಯ ಅಳತೆ. ಆರು ಎಂಬುದು ಅಳತೆಯೇ ಅಲ್ಲ, ಆ ತೋಟೆಯನ್ನು ಅವರ ಸೈನ್ಯವು ಅಂಗೀಕರಿಸಿದ ೧೯೦೬ನೆಯ ಇಸವಿಯ ಕುರುಹು. ಥರ್ಟಿ-ಥರ್ಟಿ ಎಂಬುದರಲ್ಲಿ ಎರಡನೆಯ ಮೂವತ್ತು ಮೊದಲಲ್ಲಿ ತುಂಬುತ್ತಿದ್ದ ಮದ್ದಿನ ತೂಕ. ಜಿಮ್ ಕಾರ್ಬೆಟ್ಟರ ಪ್ರಸಿದ್ಧ ರಿಗ್ಬಿ ರೈಫಲನ್ನು ಇಂಗ್ಲಿಷರು ಪಾಯಿಂಟ್ ೨೭೫ ಎಂದು ಕರೆದರೆ, ಜರ್ಮನರು ಅದೇ ತೋಟೆಯನ್ನು ೭ ಮಿಲಿಮೀಟರ್ ಗುಂಡು, ೫೭ ಮಿಲಿಮೀಟರ್ ಕೋಶ ಎಂದು ಕರೆದರು. ಒಂದೇ ವಸ್ತುವಿಗೆ ಊರಿಗೊಂದು ಹೆಸರು.

ಆದುದರಿಂದ ಹೆಸರಿಗಿಂತ ಮುಖ್ಯವಾದವು ಎರಡು: ಗುಂಡಿನ ತೂಕ ಮತ್ತು ಅದರ ವೇಗ. ತೂಕವನ್ನು ಗ್ರೈನ್ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಪೌಂಡಿಗೆ ೭೦೦೦ ಗ್ರೈನ್. ನಮ್ಮ ಹಿರಿಯರು ಚಿನ್ನ ತೂಗುತ್ತಿದ್ದ ಒಂದು ತೊಲ ಸರಿಯಾಗಿ ೧೮೦ ಗ್ರೈನ್. ಜಿಂಕೆಯ ಬೇಟೆಯಲ್ಲಿ ಬಹಳವಾಗಿ ಬಳಕೆಯಾಗುವ ೧೦೦ ಗ್ರೈನಿನ ಗುಂಡು ಅರ್ಧ ತೊಲಕ್ಕಿಂತ ತುಸು ಹೆಚ್ಚು, ಅಷ್ಟೆ. ಒಂದು ಸಣ್ಣ ಉಂಗುರದ ತೂಕದ ಈ ವಸ್ತುವು ನೂರು ಕಿಲೋ ತೂಗುವ ಪ್ರಾಣಿಯನ್ನು ಕೆಡವುವುದು ವೇಗದ ಬಲದಿಂದ. ಗುಂಡಿನ ತೂಕ ಇಮ್ಮಡಿಯಾದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ೧೯೫೫ರಲ್ಲಿ ಬಂದ ಪಾಯಿಂಟ್ ೨೪೩ ವಿಂಚೆಸ್ಟರ್ ಎಂಬ ತೋಟೆಯು ೧೦೦ ಗ್ರೈನಿನ ಗುಂಡನ್ನು ಸೆಕೆಂಡಿಗೆ ಸುಮಾರು ೨೯೬೦ ಅಡಿ ವೇಗದಲ್ಲಿ ಕಳುಹಿಸುತ್ತದೆ. ನಳಿಗೆಯ ಬಾಯಲ್ಲಿ ಅದರ ಶಕ್ತಿ ೧೯೦೦ ಅಡಿ-ಪೌಂಡಿಗೆ ಮಿಕ್ಕಿದ್ದು. ಒಂದು ಪೌಂಡಿನ ಭಾರವನ್ನು ಒಂದಡಿ ಎತ್ತಲು ಬೇಕಾದ ಶಕ್ತಿಯೇ ಒಂದು ಅಡಿ-ಪೌಂಡು.

ಈಗ ಕಾನೂನಿನ ಅಳತೆಯನ್ನು ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಮೊದಲು ೧೯೬೩ರ ಜಿಂಕೆ ಕಾಯಿದೆ, ಅದರ ಬದಲಿಗೆ ೧೯೯೧ರ ಕಾಯಿದೆ ಜಾರಿಗೆ ಬಂದವು. ಅದರಂತೆ ಪಾಯಿಂಟ್ ೨೪೦ಕ್ಕಿಂತ ಕಿರಿದಾದ ನಳಿಗೆಯ ರೈಫಲಿನಿಂದಾಗಲಿ ೧೭೦೦ ಅಡಿ-ಪೌಂಡಿಗೆ ಕಡಿಮೆ ಶಕ್ತಿಯದರಿಂದಾಗಲಿ ಜಿಂಕೆಗೆ ಈಡು ಹೊಡೆಯಕೂಡದು. ೧೭೦೦ ಅಡಿ-ಪೌಂಡೆಂದರೆ ಎಷ್ಟು? ಕ್ವಿಂಟಲ್ ತೂಕದ ಅಕ್ಕಿ ಮೂಟೆಯೊಂದನ್ನು ಉಗ್ರಾಣದ ನೆಲದಿಂದ ಏಳೂಮುಕ್ಕಾಲು ಅಡಿ ಮೇಲಕ್ಕೆತ್ತಲು ಬೇಕಾಗುವಷ್ಟು. ಮೂಟೆ ಹೊತ್ತ ಬೆನ್ನುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಲ ಹೊಡೆಯುವ ಪಾಯಿಂಟ್ ೨೨ ರಿಮ್‌ಫೈರ್ ಕೋವಿಯ ಶಕ್ತಿಯು ಸಾಮಾನ್ಯವಾಗಿ ೨೦೦ ಅಡಿ-ಪೌಂಡಿನೊಳಗೇ ನಿಲ್ಲುವುದರಿಂದ ಅದು ಜಿಂಕೆಗೆ ಸಲ್ಲದು. ೨೦೦೭ರಲ್ಲಿ ಒಂದು ವಿನಾಯಿತಿ ಬಂತು. ಕಿರುದೇಹದ ಮಂಟ್‌ಜಾಕ್ ಮತ್ತು ನೀರುಜಿಂಕೆಗಳಿಗೆ ಪಾಯಿಂಟ್ ೨೨೦ ಅಳತೆ, ೧೦೦೦ ಅಡಿ-ಪೌಂಡು ಶಕ್ತಿ ಮತ್ತು ೫೦ ಗ್ರೈನ್ ಗುಂಡು ಸಾಕೆಂದಾಯಿತು.

ಸ್ಕಾಟ್ಲೆಂಡಿನ ೧೯೮೫ರ ಆಜ್ಞೆಯು ನಳಿಗೆಯ ಅಳತೆಯನ್ನು ನಿಗದಿಮಾಡಲೇ ಇಲ್ಲ. ಗುಂಡಿನ ತೂಕ, ವೇಗ, ಶಕ್ತಿ ಇವು ಮೂರನ್ನೇ ಅದು ಗೊತ್ತುಪಡಿಸಿತು. ಪುಟ್ಟ ರೋ ಜಿಂಕೆಗೆ ೫೦ ಗ್ರೈನ್ ತೂಕ, ಸೆಕೆಂಡಿಗೆ ೨೪೫೦ ಅಡಿ ವೇಗ, ೧೦೦೦ ಅಡಿ-ಪೌಂಡು ಶಕ್ತಿ. ದೊಡ್ಡ ಜಾತಿಗಳಿಗೆ ಅದೇ ವೇಗ, ಆದರೆ ೧೦೦ ಗ್ರೈನ್ ತೂಕ ಮತ್ತು ೧೭೫೦ ಅಡಿ-ಪೌಂಡು. ಹೀಗಾಗಿ ಸ್ಕಾಟ್ಲೆಂಡಿನಲ್ಲಿ ರೋ ಜಿಂಕೆಗೆ ನ್ಯಾಯಸಮ್ಮತವಾದ ಒಂದು ಕಿರುನಳಿಗೆಯ ರೈಫಲು ಗಡಿ ದಾಟಿ ಇಂಗ್ಲೆಂಡಿಗೆ ಬಂದೊಡನೆ ಅದೇ ಜಿಂಕೆಗೆ ನಿಷಿದ್ಧವಾಗುತ್ತದೆ. ಅಳತೆಗಳಲ್ಲಿ ಇಷ್ಟು ಭೇದವಿದ್ದರೂ ಉದ್ದೇಶ ಒಂದೇ. ಪ್ರಾಣಿಯ ಗಾತ್ರಕ್ಕೆ ಸಾಲದ ಗುಂಡು ಅದರ ಮೈಯಲ್ಲಿ ಗಾಯವನ್ನು ಮಾತ್ರ ಉಳಿಸೀತು, ಹಾಗಾಗಕೂಡದು.

ಇದೇ ಕಾನೂನಿನ ಇನ್ನೊಂದು ಅಂಶವು ಯೋಚನೆಗೆ ಹಚ್ಚುವಂಥದು. ಜಿಂಕೆಗೆ ಹೊಡೆಯುವ ರೈಫಲಿನ ಗುಂಡು ತುದಿ ಮೆತ್ತಗಿರುವ ಅಥವಾ ತುದಿಯಲ್ಲಿ ಪೊಳ್ಳಾಗಿರುವ, ಮೈಯೊಳಗೆ ಹೊಕ್ಕೊಡನೆ ಹೂವಿನಂತೆ ಅರಳುವ ಜಾತಿಯದೇ ಆಗಿರಬೇಕು. ಇಂಥ ಗುಂಡುಗಳಿಗೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟದ್ದು ಕಲ್ಕತ್ತೆಯ ಬಳಿಯ ದಮ್‌ದಮ್ ಎಂಬ ನಮ್ಮದೇ ಊರು. ಅಲ್ಲಿನ ಶಸ್ತ್ರಾಗಾರದಲ್ಲಿ ೧೮೯೦ರ ದಶಕದಲ್ಲಿ ಅವು ತಯಾರಾದವು. ಮನುಷ್ಯನ ದೇಹವನ್ನು ಅವು ಸೀಳುವ ಬಗೆಯನ್ನು ಕಂಡು ೧೮೯೯ರ ಹೇಗ್ ಘೋಷಣೆಯು ಯುದ್ಧದಲ್ಲಿ ಅವನ್ನು ನಿಷೇಧಿಸಿತು. ಹೀಗೆ ಯುದ್ಧದಲ್ಲಿ ಕ್ರೂರವೆಂದು ತ್ಯಜಿಸಿದ್ದು ಬೇಟೆಯಲ್ಲಿ ಕರುಣೆಯೆಂದು ಕಡ್ಡಾಯವಾಗಿದೆ. ಮೇಲ್ನೋಟಕ್ಕೆ ಇದು ವಿಪರೀತವೆನಿಸಬಹುದು. ಆದರೆ ಯುದ್ಧದಲ್ಲಿ ಸೈನಿಕನನ್ನು ಹೋರಾಟದಿಂದ ಹಿಂದೆಗೆಸಿದರೆ ಸಾಕು, ಗಾಯಗೊಂಡವನಿಗೆ ಆಸ್ಪತ್ರೆಯುಂಟು. ಗಾಯಗೊಂಡ ಜಿಂಕೆಗೆ ಆಸ್ಪತ್ರೆಯಿಲ್ಲ. ಬಿರುಸಾದ ಸೈನಿಕ ಗುಂಡು ಅದರ ಮೈಯನ್ನು ಸೂಜಿಯಂತೆ ತೂರಿಹೋದರೆ ಅದು ಮೈಲಿಗಟ್ಟಲೆ ಓಡಿ, ಪೊದೆಯೊಂದರಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ.

ಹಾಗಾದರೆ ಎಲ್ಲಕ್ಕಿಂತ ದೊಡ್ಡ ಕೋವಿಯನ್ನೇ ಕೊಳ್ಳಬಾರದೇಕೆ ಎಂದು ಯಾರಾದರೂ ಕೇಳಬಹುದು. ಕೋವಿ ದೊಡ್ಡದಾದಷ್ಟೂ ಅದು ಹೆಗಲಿಗೆ ಕೊಡುವ ಒದೆತವೂ ದೊಡ್ಡದು. ಒದೆತಕ್ಕೆ ಅಂಜಿದವನು ಟ್ರಿಗರ್ ಎಳೆಯುವ ಕ್ಷಣದಲ್ಲಿ ತನಗರಿವಿಲ್ಲದೆ ಕಣ್ಣು ಮುಚ್ಚಿ ಮೈ ಬಿಗಿಹಿಡಿಯುತ್ತಾನೆ. ಗುಂಡು ಎದೆಯನ್ನು ಬಿಟ್ಟು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಮುಂಗಾಲಿನ ಹಿಂದೆ, ಹೃದಯ ಶ್ವಾಸಕೋಶಗಳಿರುವ ಅಂಗೈಯಗಲದ ಜಾಗಕ್ಕೆ ಬಿದ್ದ ೧೦೦ ಗ್ರೈನಿನ ಗುಂಡು ಮಾಡುವ ಕೆಲಸವನ್ನು ಹೊಟ್ಟೆಗೆ ಬಿದ್ದ ಇಮ್ಮಡಿ ತೂಕದ ಗುಂಡು ಮಾಡಲಾರದು. ಅನುಭವಸ್ಥರಾದ ಭಟ್ಟರು ಹೊಸದಾಗಿ ಬಂದ ಹುಡುಗನ ಕೈಗೆ ಕುದಿಯುವ ಸಾಂಬಾರಿನ ಕೊಳದಪ್ಪಲೆಯನ್ನು ಕೊಡುವುದಿಲ್ಲ. ಅವನು ತುಳುಕಿಸದೆ ಒಯ್ಯಬಲ್ಲಷ್ಟನ್ನೇ ಕೊಡುತ್ತಾರೆ. ಇಲ್ಲಿಯೂ ಅದೇ ನ್ಯಾಯ. ಆದುದರಿಂದಲೇ ಹೊಸಬರಿಗೆ ಒದೆತ ಕಡಿಮೆಯಿರುವ ಪಾಯಿಂಟ್ ೨೪೩ನ್ನೂ, ದೊಡ್ಡ ರೆಡ್ ಜಿಂಕೆಗಳ ನಡುವೆ ಕೆಲಸ ಮಾಡುವ ಪಳಗಿದವರಿಗೆ ೧೫೦ ಗ್ರೈನಿನ ಗುಂಡು ಹೊಡೆಯುವ ಪಾಯಿಂಟ್ ೩೦೮ ಅಥವಾ ಅಂಥದೇ ಇನ್ನೊಂದನ್ನೂ ಸೂಚಿಸುವ ವಾಡಿಕೆ. ಯಾವುದೇ ಆಗಲಿ, ಜಿಂಕೆಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ಇಳಿಜಾರು ಇಲ್ಲದಿದ್ದರೆ ಹೊಡೆಯಬಾರದು. ಗುರಿ ತಪ್ಪಿದ ರೈಫಲಿನ ಗುಂಡು ಮೈಲುಗಳಾಚೆಗೂ ಹೋಗಿ ಬೀಳಬಲ್ಲುದು.

ಅಡಿಗೆಮನೆಗೂ ಈ ವಿಚಾರಕ್ಕೂ ಸಂಬಂಧವುಂಟು. ಗುಂಡಿನ ಸೀಸವು ಪ್ರಾಣಿಯ ಮೈಯಲ್ಲಿ ಕಣಕಣವಾಗಿ ಒಡೆದು ಮಾಂಸವನ್ನು ಸೇರುತ್ತದೆ. ಸೀಸವು ವಿಷ, ಎಳೆಯ ಮಕ್ಕಳ ಬುದ್ಧಿಬೆಳವಣಿಗೆಗೆ ವಿಶೇಷವಾಗಿ ಹಾನಿಕರ. ಇದಕ್ಕಾಗಿ ತಾಮ್ರದ ಗುಂಡುಗಳು ಬಳಕೆಗೆ ಬರುತ್ತಿವೆ. ಸೀಸದ ಗುಂಡುಗಳನ್ನು ನಿರ್ಬಂಧಿಸುವ ತೀರ್ಮಾನವನ್ನು ಬ್ರಿಟಿಷ್ ಸರ್ಕಾರವು ೨೦೨೫ರಲ್ಲಿ ಪ್ರಕಟಿಸಿತು. ತಾಮ್ರವು ಸೀಸಕ್ಕಿಂತ ಹಗುರವಾದುದರಿಂದ ಅದೇ ಗಾತ್ರದ ಗುಂಡಿನ ತೂಕ ಇಳಿಯುತ್ತದೆ. ಸ್ಕಾಟ್ಲೆಂಡು ೨೦೨೩ರಲ್ಲಿ ತನ್ನ ೧೦೦ ಗ್ರೈನಿನ ನಿಯಮವನ್ನು ೮೦ಕ್ಕೆ ಇಳಿಸಿದ್ದರಿಂದ ಪಾಯಿಂಟ್ ೨೪೩ ಇಟ್ಟುಕೊಂಡವರಿಗೂ ತಾಮ್ರದ ಗುಂಡಿನ ದಾರಿ ತೆರೆಯಿತು.

ಇನ್ನು ನಮ್ಮ ನಾಡಿನ ಮಾತು. ಮಲೆನಾಡು ಕರಾವಳಿಗಳಲ್ಲಿ ಬೆಳೆಯ ರಕ್ಷಣೆಗೆಂದು ಪರವಾನಗಿಯ ಕೋವಿಯಿರುವ ಮನೆಗಳಿವೆ. ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದಲೇ ವಿನಾಯಿತಿಯುಂಟು. ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ೨೦೨೯ರ ವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಯುತ್ತದೆ. ಆದರೆ ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ಬೇರೆ, ಜಿಂಕೆಯನ್ನು ಕೊಲ್ಲುವ ಹಕ್ಕು ಬೇರೆ. ಎರಡನೆಯದು ಕೊಡಗಿನಲ್ಲಿಯೂ ಇಲ್ಲ, ಬೇರೆಲ್ಲಿಯೂ ಇಲ್ಲ.

ಮುಂಬಯಿ ಪುಣೆಗಳಿಂದ ಬೇಸಗೆಯ ರಜೆಗೆ ಊರಿಗೆ ಹೋಗುವ ನಮ್ಮ ತರುಣರನ್ನು ಹಳೆಯ ಗೆಳೆಯರು ಒಂದು ರಾತ್ರಿ ಶಿಕಾರಿಗೆ ಬಾ ಎಂದು ಕರೆಯುವುದುಂಟು. ಹಣೆಗೆ ಕಟ್ಟಿದ ಬೆಳಕಿಗೆ ಕಣ್ಣು ಹೊಳೆಯುತ್ತದೆ, ಕೈಯಲ್ಲಿ ನಾಡಕೋವಿ, ಅದರಲ್ಲಿ ಚರೆ. ಮೇಲೆ ಹೇಳಿದ ಅಳತೆಗಳಲ್ಲಿ ಒಂದೂ ಅಲ್ಲಿಲ್ಲ: ಗುಂಡಿನ ತೂಕವಿಲ್ಲ, ವೇಗವಿಲ್ಲ, ಗುರಿಯ ಜಾಗ ಕಾಣುವುದಿಲ್ಲ, ಹಿಂದೆ ಏನಿದೆಯೆಂಬುದು ತಿಳಿಯದು. ಮೈತುಂಬ ಚರೆ ಹೊತ್ತು ಕತ್ತಲೆಗೆ ಓಡಿದ ಜಿಂಕೆಯ ಗತಿಯನ್ನು ಯಾರೂ ಹಿಂಬಾಲಿಸಿ ನೋಡುವುದಿಲ್ಲ. ಪ್ರಾಣಿಯೆಂದು ಭ್ರಮಿಸಿ ಜೊತೆಗಾರನಿಗೇ ಈಡು ಹೊಡೆದ ಪ್ರಕರಣಗಳೂ ನಮ್ಮ ಜಿಲ್ಲೆಗಳಲ್ಲಿ ನಡೆದಿವೆ. ಹಿಡಿದರೆ ಸೆರೆಮನೆ, ಸೆರೆಮನೆಯ ಹಿಂದೆಯೇ ಪಟ್ಟಣದ ನೌಕರಿಗೆ ಸಂಚಕಾರ, ಮನಿಯಾರ್ಡರಿನ ದಾರಿ ಕಾಯುವ ಮನೆಗೆ ಉಪವಾಸ. ಕರೆದವನು ಎಷ್ಟೇ ಹತ್ತಿರದವನಾಗಿರಲಿ, ಬರಲಾರೆನೆಂದು ಹೇಳಿಬಿಡುವುದೇ ಲೇಸು.

ಜಿಂಕೆಯನ್ನು ನೋಡುವ ಆಸೆಯಿರುವವರು ಭಾನುವಾರ ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬಹುದು. ಲೋಕಲ್ ಗಾಡಿಯ ಟಿಕೀಟು, ಪ್ರವೇಶದ ಹಣ, ತುಸು ತಾಳ್ಮೆ, ಇಷ್ಟಿದ್ದರೆ ಚುಕ್ಕೆಜಿಂಕೆ ಮರದ ನೆರಳಲ್ಲಿ ನಿಂತು ಕಿವಿ ಅಲುಗಿಸುವುದನ್ನು ಕಣ್ಣಾರೆ ಕಾಣಬಹುದು. ಅದಕ್ಕೆ ಯಾವ ಅಳತೆಯ ಕೋವಿಯೂ ಬೇಕಾಗಿಲ್ಲ.