ಶಿಲುಬೆಯನ್ನೇರಿದ ವೀರನು: ಆಂಗ್ಲೋ-ಸ್ಯಾಕ್ಸನ್ ಕಾವ್ಯದ ವೀರಗುಣಗಳು ಮತ್ತು ಕ್ರಿಸ್ತನ ಮರಣ

ಕ್ರಿ.ಶ. 597ರಲ್ಲಿ ಪೋಪ್ ಗ್ರೆಗೊರಿಯು ಕಳುಹಿಸಿದ ಅಗಸ್ಟೀನನು ಇಂಗ್ಲೆಂಡಿನ ಕೆಂಟ್ ರಾಜ್ಯವನ್ನು ತಲುಪಿದಾಗ, ಸುವಾರ್ತೆಯು ಯೋಧರನ್ನು ಆದರ್ಶವಾಗಿ ಕಾಣುತ್ತಿದ್ದ ಒಂದು ಸಮಾಜವನ್ನು ಎದುರುಗೊಂಡಿತು. ಶತ್ರುಗಳ ಕೈಯಲ್ಲಿ ನಿರಾಯುಧನಾಗಿ ಸತ್ತವನನ್ನು ಅಂಥ ಜನರಿಗೆ ಕರ್ತನೆಂದು ಸಾರುವುದು ಹೇಗೆ? ಆ ಜನರ ಕಾವ್ಯವೇ ಇದಕ್ಕೆ ಕೊಟ್ಟ ಉತ್ತರವನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಈ ಕಾವ್ಯದ ವೀರನಲ್ಲಿ ಧೈರ್ಯ, ಸ್ವಾಮಿನಿಷ್ಠೆ ಮತ್ತು ಕೀರ್ತಿಯ ಹಂಬಲ ಎಂಬ ಮೂರು ಗುಣಗಳು ಎದ್ದುಕಾಣುತ್ತವೆ. 3182 ಸಾಲುಗಳ 'ಬಿಯೊವುಲ್ಫ್' ಕಾವ್ಯದ ನಾಯಕನು ಪರದೇಶದ ಅರಸನ ನೆರವಿಗೆ ಕಡಲು ದಾಟಿ ಬಂದು, ಗ್ರೆಂಡೆಲ್ ಎಂಬ ರಾಕ್ಷಸನೊಡನೆ ಬರಿಗೈಯಲ್ಲಿ ಸೆಣಸುತ್ತಾನೆ. ಮುಪ್ಪಿನಲ್ಲಿ ಅವನು ಘಟಸರ್ಪವನ್ನು ಎದುರಿಸುವಾಗ ಸಂಗಡಿಗರು ಕಾಡಿಗೆ ಓಡಿಹೋಗುತ್ತಾರೆ. ವಿಗ್ಲಾಫನೊಬ್ಬನೇ ಜೊತೆಗೆ ನಿಲ್ಲುತ್ತಾನೆ. ಕ್ರಿ.ಶ. 991ರ ಮಾಲ್ಡನ್ ಕದನವನ್ನು ಕುರಿತ ಕಾವ್ಯದಲ್ಲಿಯೂ, ಒಡೆಯನಾದ ಬಿರ್ತ್‌ನೋಥನು ಬಿದ್ದ ಮೇಲೆ ಕೆಲವರು ಪಲಾಯನ ಮಾಡುತ್ತಾರೆ. ಉಳಿದವರು ಸಾವು ಖಚಿತವೆಂದು ತಿಳಿದೂ ಅಲ್ಲಿಯೇ ಹೋರಾಡುತ್ತಾರೆ. ಒಡೆಯನ ಸಭಾಗೃಹದಲ್ಲಿ ಉಂಡ ಋಣವನ್ನು ರಣರಂಗದಲ್ಲಿ ತೀರಿಸಬೇಕೆಂಬುದು ಅವರ ಧರ್ಮ. ನಮ್ಮ ಹಳಗನ್ನಡ ಕಾವ್ಯಗಳ 'ಜೋಳವಾಳಿ'ಯನ್ನು ಬಲ್ಲವರಿಗೆ ಈ ಭಾವನೆಯು ಅಪರಿಚಿತವಲ್ಲ.

'ಡ್ರೀಮ್ ಆಫ್ ದ ರೂಡ್', ಅಂದರೆ 'ಶಿಲುಬೆಯ ಕನಸು' ಎಂಬ ಕಾವ್ಯವು ಈ ಗುಣಗಳನ್ನೇ ಗೊಲ್ಗೊಥಾಕ್ಕೆ ಕೊಂಡೊಯ್ಯುತ್ತದೆ. ಇದರ ಪೂರ್ಣಪಾಠವು 10ನೆಯ ಶತಮಾನದ ವೆರ್ಚೆಲ್ಲಿ ಹಸ್ತಪ್ರತಿಯಲ್ಲಿದೆ. ಇದಕ್ಕೆ ಹೋಲುವ ಸಾಲುಗಳನ್ನು ಸ್ಕಾಟ್ಲೆಂಡಿನ ರುತ್‌ವೆಲ್ ಶಿಲಾಶಿಲುಬೆಯ ಮೇಲೆ ರೂನ್ ಲಿಪಿಯಲ್ಲಿ ಕೆತ್ತಲಾಗಿದೆ. ಇಲ್ಲಿ ಕ್ರಿಸ್ತನು ಎಳೆದೊಯ್ಯಲ್ಪಟ್ಟ ಬಲಿಪಶುವಲ್ಲ. ಯುವವೀರನಾದ ಆತನು ತಾನೇ ವಸ್ತ್ರವನ್ನು ಕಳಚಿ, ಮನುಷ್ಯರ ವಿಮೋಚನೆಗಾಗಿ ಶಿಲುಬೆಯನ್ನು ಏರುತ್ತಾನೆ. ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುವುದಿಲ್ಲ, ತಾನಾಗಿಯೇ ಕೊಡುತ್ತೇನೆ ಎಂಬ ಯೋಹಾನನ ಸುವಾರ್ತೆಯ (10:18) ಬೋಧನೆಯೇ ಇಲ್ಲಿ ವೀರಕಾವ್ಯದ ರೂಪವನ್ನು ತಾಳಿದೆ.

ಆದರೆ ಈ ಕವಿಯ ನಿಜವಾದ ಒಳನೋಟವು ಇರುವುದು ಶಿಲುಬೆಯ ಪಾತ್ರದಲ್ಲಿ. ಇಲ್ಲಿ ಮಾತನಾಡುವುದು ಆ ಮರವೇ. ಅದು ಒಡೆಯನನ್ನು ಬಿಟ್ಟುಹೋಗದ ಸೇವಕ. ಶತ್ರುಗಳನ್ನೆಲ್ಲ ಕೆಡಹುವ ಶಕ್ತಿ ತನಗಿದ್ದರೂ ಕರ್ತನ ಚಿತ್ತಕ್ಕೆ ವಿರುದ್ಧವಾಗಿ ಬಾಗಲಿಲ್ಲವೆಂದು ಅದು ಸಾಕ್ಷಿ ಹೇಳುತ್ತದೆ. ಮಾಲ್ಡನ್ನಿನ ಯೋಧನಿಗೆ ನಿಷ್ಠೆಯೆಂದರೆ ಒಡೆಯನಿಗಾಗಿ ಹೊಡೆಯುವುದು. ಶಿಲುಬೆಗಾದರೋ ನಿಷ್ಠೆಯೆಂದರೆ ಹೊಡೆಯದೆ ನಿಂತು, ಒಡೆಯನ ಮರಣಕ್ಕೇ ಸಾಧನವಾಗುವುದು. ಗೆತ್ಸೇಮನೆಯಲ್ಲಿ ಪೇತ್ರನು ಕತ್ತಿಯನ್ನು ಒರೆಗೆ ಸೇರಿಸಬೇಕಾದಾಗ ಕಲಿಯಬೇಕಾಗಿದ್ದ ಪಾಠವೂ ಇದೇ. ಹೀಗೆ ಕವಿಯು ವೀರಗುಣವನ್ನು ತಿರಸ್ಕರಿಸದೆ, ಅದರ ದಿಕ್ಕನ್ನೇ ಬದಲಿಸುತ್ತಾನೆ.

ಇಂಥ ಭಾಷೆಗೆ ಮಿತಿಯೂ ಉಂಟು. ಗೆತ್ಸೇಮನೆಯ ಬೆವರಾಗಲಿ, ದೇವರು ಕೈಬಿಟ್ಟನೆಂಬ ಮಾರ್ಕನ ಸುವಾರ್ತೆಯ (15:34) ಕೂಗಾಗಲಿ ಈ ಕಾವ್ಯದಲ್ಲಿ ಕೇಳಿಸುವುದಿಲ್ಲ. ಯೋಹಾನನೊಂದಿಗೆ ಮಾರ್ಕನನ್ನೂ ಓದದಿದ್ದರೆ ನಮ್ಮ ಕ್ರಿಸ್ತನು ನೋವರಿಯದ ಯೋಧನಾಗಿಬಿಡುವನು; ಅಂಥ ಕ್ರಿಸ್ತನ ಹೆಸರಿನಲ್ಲಿ ಕತ್ತಿಗಳನ್ನು ಆಶೀರ್ವದಿಸುವುದು ಸುಲಭ.

ಸಭಾಪಾಲಕರಾದ ನಾವು ಇನ್ನೊಂದು ಎಚ್ಚರವನ್ನೂ ವಹಿಸಬೇಕು. ಮನೆಯಲ್ಲಿ ಹೊಡೆತ ತಿನ್ನುವ ಸ್ತ್ರೀಗೆ "ಶಿಲುಬೆಯಂತೆ ಸಹಿಸಿಕೋ" ಎಂದು ಬೋಧಿಸಲು ಈ ಕಾವ್ಯದಲ್ಲಿ ಆಧಾರವಿಲ್ಲ. ಇಲ್ಲಿ ಕ್ರಿಸ್ತನು ಏರುವುದು ಸ್ವಂತ ಚಿತ್ತದಿಂದ, ಇತರರ ಬಿಡುಗಡೆಗಾಗಿ. ಬಲವಂತದಿಂದ ಹೇರಲ್ಪಟ್ಟ ನೋವು ಅಂಥ ವೀರತ್ವವಲ್ಲ. ಅದರಿಂದ ಬಿಡಿಸುವುದೇ ಆತನು ಹೂಡಿದ ಯುದ್ಧ. ಶುಭಶುಕ್ರವಾರದ ಪ್ರಸಂಗಪೀಠದಲ್ಲಿ ನಿಂತು ಕರ್ತನ ಧೈರ್ಯವನ್ನು ಕೊಂಡಾಡುವಾಗ, ಈ ಭೇದವನ್ನು ಸಭೆಗೆ ಸ್ಪಷ್ಟಪಡಿಸುವುದು ನಮ್ಮ ಹೊಣೆ.